ಲಕ್ಷ್ಮಣರಾವ ಕಿರ್ಲೋಸ್ಕರರು

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು ಗ್ರಾಮದಲ್ಲಿ ಕ್ರಿ. ಶ. 1869ನೆಯ ಜೂನ್ 20ರಂದು ಲಕ್ಷ್ಮಣರಾವ ಕಾಶಿನಾಥ ಕಿರ್ಲೋಸ್ಕರರು ಜನಿಸಿದರು. ತಂದೆಯವರಾದ ಕಾಶಿನಾಥಪಂತರು ವೇದಾಂತದಲ್ಲಿ ಪರಿಶ್ರಮವುಳ್ಳವರು. ಪಂಡಿತ ಮನೆತನದ ಈ ಬಾಲಕನ ಮನಸ್ಸಾದರೋ ಪಾಠಪುಸ್ತಕಗಳಲ್ಲಿ ನೆಲಸದೆ ಚಿತ್ರಗಳ ಕಡೆಗೂ ಯಂತ್ರಗಳ ಕಡೆಗೂ ಹರಿಯುತ್ತಿದ್ದಿತು. 1885ರಲ್ಲಿ ಅವರು ಮುಂಬಯಿಯ ಜೆ. ಜೆ. ಚಿತ್ರಕಲಾಶಾಲೆಯನ್ನು ಸೇರಿದರು. ಕೆಲವು ಬಣ್ಣಗಳ ಭೇದವನ್ನು ಅವರ ಕಣ್ಣು ಗ್ರಹಿಸಲಾರದೆಂದು ಅಲ್ಲಿ ತಿಳಿದುಬಂದುದರಿಂದ ಚಿತ್ರಕಾರರಾಗುವ ಆಸೆಯು ಮುರಿಯಿತು. ಅಷ್ಟಕ್ಕೆ ಕುಗ್ಗದೆ ಯಂತ್ರಗಳ ನಕ್ಷೆ ಬರೆಯುವ ವಿದ್ಯೆಯನ್ನು ಸಾಧಿಸಿ, ಅದೇ ನಗರದ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಶಾಲೆಯಲ್ಲಿ ಅಧ್ಯಾಪಕರಾದರು.

ಇವರ ಉದ್ಯಮಕ್ಕೆ ಮೊದಲ ಊರುಗೋಲಾದವರು ಅಣ್ಣ ರಾಮಚಂದ್ರರಾಯರು. ಎಲ್ಲರಿಗೂ ಅವರು ರಾಮುಅಣ್ಣ. 1888ರಲ್ಲಿ ಬೆಳಗಾವಿಯಲ್ಲಿ ಬೈಸಿಕಲ್ ಅಂಗಡಿಯು ಆರಂಭವಾಯಿತು. ತಮ್ಮನು ಮುಂಬಯಿಯಿಂದ ಬೈಸಿಕಲ್ಲುಗಳನ್ನು ಕಳುಹುವನು, ಅಣ್ಣನು ಬೆಳಗಾವಿಯಲ್ಲಿ ಮಾರುವನು. ಶಾಲೆಯಲ್ಲಿ ತಮಗೆ ಸಲ್ಲಬೇಕಾದ ಬಡ್ತಿಯು ಬೇರೊಬ್ಬರ ಪಾಲಾದ ಮೇಲೆ ಲಕ್ಷ್ಮಣರಾಯರು ನೌಕರಿಯನ್ನು ತ್ಯಜಿಸಿ ಬೆಳಗಾವಿಗೆ ಮರಳಿ, ಕಣಿಕೆ ಕೊಚ್ಚುವ ಯಂತ್ರವನ್ನೂ ಕಬ್ಬಿಣದ ರಂಟೆಯನ್ನೂ ತಯಾರಿಸತೊಡಗಿದರು.

ಕರಿಕೆಯ ಬೇರು ಆಳಕ್ಕಿಳಿದ ಎರೆಹೊಲದಲ್ಲಿ ಕಟ್ಟಿಗೆಯ ರಂಟೆಯು ಎಷ್ಟು ಅಸಹಾಯವೆಂಬುದನ್ನು ಈ ಸೀಮೆಯ ಒಕ್ಕಲಿಗರಿಗೆ ಹೇಳಬೇಕಾದುದಿಲ್ಲ. ಆದರೂ ಕಬ್ಬಿಣವು ಭೂಮಿಗೆ ವಿಷವನ್ನು ಕೂಡಿಸುವುದೆಂಬ ಭಯವು ಆ ಕಾಲದ ರೈತರಲ್ಲಿ ಬಲವಾಗಿದ್ದಿತು. ಮೊದಲ ರಂಟೆಗಳು ಮಾರಾಟವಾಗಲು ಎರಡು ವರ್ಷಗಳೇ ಹಿಡಿದವು. ಇದಕ್ಕಾಗಿ ರೈತನನ್ನು ಮೂಢನೆನ್ನುವುದು ಸುಲಭ. ಒಂದು ಹಂಗಾಮು ಕೆಟ್ಟರೆ ವರ್ಷದ ಅನ್ನವನ್ನೇ ಕಳೆದುಕೊಳ್ಳುವವನ ಎಚ್ಚರವನ್ನು ಪಟ್ಟಣಿಗರು ಅರಿಯರು. ನೆರೆಯವನ ಹೊಲದ ಬೆಳೆಯನ್ನು ಕಣ್ಣಾರೆ ಕಂಡ ಮೇಲೆಯೇ ಅವನು ನಂಬುವನು. ಆ ನಂಬಿಕೆ ಹುಟ್ಟುವವರೆಗೆ ಕಾರಖಾನೆಯ ಒಲೆಯನ್ನು ಉರಿಸುವವರು ಯಾರು? ಲಕ್ಷ್ಮಣರಾಯರ ಪಾಲಿಗೆ ಆ ಭಾರವನ್ನು ಹೊತ್ತುದು ಅವರ ಕುಟುಂಬವೇ.

ರಂಟೆಗೆ ಗಿರಾಕಿಗಳು ಕೂಡಿಬರುವಷ್ಟರಲ್ಲಿ ಬೇರೊಂದು ಸಂಕಟವು ಒದಗಿತು. ಊರಿನ ವಿಸ್ತರಣೆಗಾಗಿ ಕಾರಖಾನೆಯ ಜಾಗವನ್ನು ತೆರವು ಮಾಡಬೇಕೆಂದು ಬೆಳಗಾವಿ ನಗರಸಭೆಯಿಂದ ಆಜ್ಞೆಯಾಯಿತು. ಯಂತ್ರಗಳಿದ್ದವು, ಕುಶಲ ಕೆಲಸಗಾರರಿದ್ದರು. ಅವರನ್ನು ನಿಲ್ಲಿಸಲು ನೆಲವಿರಲಿಲ್ಲ. ಆಗ ಔಂಧ ಸಂಸ್ಥಾನದ ಅಧಿಪತಿಗಳಾದ ಭವಾನರಾವ ಪಂತಪ್ರತಿನಿಧಿಯವರು ತಮ್ಮ ಸೀಮೆಯ ಕುಂಡಲ ರೋಡ ರೈಲುನಿಲ್ದಾಣದ ಬಳಿಯಲ್ಲಿ 32 ಎಕರೆ ಭೂಮಿಯನ್ನೂ ಹತ್ತು ಸಾವಿರ ರೂಪಾಯಿಗಳ ಸಾಲವನ್ನೂ ಕೊಟ್ಟರು. ಮುಗಳಖೋಡದಿಂದ ರಾಯಬಾಗಕ್ಕೆ ಬಂದು ರೈಲು ಹತ್ತಿ ಕುಡಚಿ, ಮಿರಜಗಳನ್ನು ದಾಟಿ ಪುಣೆಯ ಕಡೆಗೆ ಹೋಗುವ ಭಕ್ತರಿಗೆ ಆ ನಿಲ್ದಾಣವು ದಾರಿಯಲ್ಲಿಯೇ ಸಿಕ್ಕುವುದು. ಸಂಸ್ಥಾನಿಕರು ಅರಮನೆಯ ವೈಭವಕ್ಕೆ ಹಣ ಸುರಿಯುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ಔಂಧದಂಥ ಚಿಕ್ಕ ಸಂಸ್ಥಾನವು ರಂಟೆ ಮಾಡುವವನಿಗೆ ನೆಲ ಕೊಟ್ಟುದು ಅಲ್ಪವಾದ ಸಂಗತಿಯಲ್ಲ.

ಆ ನೆಲವಾದರೋ ಪಾಪಾಸುಕಳ್ಳಿಯಿಂದಲೂ ನಾಗರಹಾವುಗಳಿಂದಲೂ ತುಂಬಿದ ಬಂಜರು. 1910ರಲ್ಲಿ ಬೆಳಗಾವಿಯಿಂದ ಹೋದ ಕೆಲವೇ ಕುಟುಂಬಗಳು ಅದನ್ನು ಕಡಿದು ಹಸನುಮಾಡಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದವು. ಅಲ್ಲಿ ಅಸ್ಪೃಶ್ಯತೆಗೆ ಅವಕಾಶವಿರಲಿಲ್ಲ. ಸೆರೆಮನೆಯಿಂದ ಹೊರಬಂದವರನ್ನು ಲಕ್ಷ್ಮಣರಾಯರು ಕಾವಲಿನ ಕೆಲಸಕ್ಕೆ ನೇಮಿಸಿದರು; ತಾವು ಪಡೆದ ವಿಶ್ವಾಸವನ್ನು ಇತರರಿಗೂ ಹಂಚಿದ ಬಗೆಯಿದು. ಅವರು ವೀರಶೈವರಲ್ಲ, ಆದರೆ ಕಾಯಕದಲ್ಲಿ ಮೇಲುಕೀಳನ್ನು ಎಣಿಸದ ಈ ನಡತೆಯು ಶರಣಮಾರ್ಗದ ಭಕ್ತರಿಗೆ ಅನ್ಯವೆನಿಸದು.

1914ರ ಮಹಾಯುದ್ಧ ಕಾಲದಲ್ಲಿ ಪರದೇಶದ ಕಬ್ಬಿಣ ಬರುವುದು ನಿಂತಾಗ ಕೊಲ್ಹಾಪುರದ ಶಾಹು ಮಹಾರಾಜರು ಹಳೆಯ ತೋಪುಗಳನ್ನು ಕೊಡಿಸಿದರು. ಹಿಂದೊಮ್ಮೆ ಕೋಟೆಯನ್ನು ಕಾದ ಲೋಹವು ಕರಗಿ ಹೊಲಕ್ಕಿಳಿಯಿತು. 1920ರಲ್ಲಿ ಉದ್ಯಮವು ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಎಂಬ ಕಂಪನಿಯಾಯಿತು. ಕಬ್ಬಿನ ಗಾಣ, ನೀರೆತ್ತುವ ಪಂಪು ಮೊದಲಾದವು ಅಲ್ಲಿ ತಯಾರಾದವು. 1941ರಲ್ಲಿ ಹರಿಹರದಲ್ಲಿ ಲೇಥ್ ಯಂತ್ರಗಳ ಮೈಸೂರು ಕಿರ್ಲೋಸ್ಕರ ಕಾರಖಾನೆಯು ಸ್ಥಾಪಿತವಾಯಿತು.

1956ನೆಯ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ಕಾಲಾಧೀನರಾದರು. ಕುಂಡಲ ರೋಡ ನಿಲ್ದಾಣಕ್ಕೆ ಈಗ ಕಿರ್ಲೋಸ್ಕರವಾಡಿಯೆಂದೇ ಹೆಸರು. ಜಾಗ ಬಿಡಿಸಿದ ಬೆಳಗಾವಿಯಲ್ಲಿಯೂ ಒಂದು ಬೀದಿಯನ್ನು ಕಿರ್ಲೋಸ್ಕರ ರಸ್ತೆಯೆಂದು ಕರೆಯುತ್ತಾರೆ.