ಇಂಜಿನಿಯರ್ ಡಿಗ್ರಿಗೆ ಬಾಗಿಲು ತೆಗೆಸಿದ ದಿವಾನರು

ಮಧುಗಿರಿ, ಕೊರಟಗೆರೆಯಲ್ಲಿ ಬೆಳಗಿನ ಬಸ್ಸು ಹತ್ತುವ ಇಂಜಿನಿಯರಿಂಗ್ ಹುಡುಗರಿಗೆ ಕೂರೋಕೆ ಸೀಟು ಸಿಗದಿರಬಹುದು, ತುಮಕೂರಿನಲ್ಲಿ ಕಾಲೇಜಂತೂ ಇದೆ. ಸರ್ ಎಂ. ವಿಶ್ವೇಶ್ವರಯ್ಯ ಓದುವ ಕಾಲಕ್ಕೆ ಇಡೀ ಮೈಸೂರು ಸೀಮೆಯಲ್ಲೇ ಅಂಥ ಕಾಲೇಜಿರಲಿಲ್ಲ.

1861ರಲ್ಲಿ ಚಿಕ್ಕಬಳ್ಳಾಪುರದ ಬಳಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ, ಆ ಕಾಸಿನಲ್ಲೇ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮುಂದೆ? ಇಂಜಿನಿಯರ್ ಆಗಬೇಕಾದರೆ ಮದ್ರಾಸಿಗೋ ಪುಣೆಗೋ ಗಂಟುಮೂಟೆ ಕಟ್ಟಬೇಕು. ಸಂಸ್ಥಾನದ ಸ್ಕಾಲರ್‌ಶಿಪ್ ಕೈಹಿಡಿಯಿತು. 1883ರಲ್ಲಿ ಪುಣೆಯಲ್ಲಿ ಮೊದಲಿಗರಾಗಿ ಪಾಸಾದರು.

ಮುಂಬಯಿ ಸರ್ಕಾರದ ನೌಕರಿ ಮುಗಿಸಿ 1909ರಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದರು. ಶಿವನಸಮುದ್ರದ ಕರೆಂಟು 1902ರಿಂದಲೇ ಕೋಲಾರದ ಚಿನ್ನದ ಗಣಿಗೆ ಹರಿಯುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟೂ ಸೊರಗುತ್ತಿತ್ತು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಗದ್ದೆಗಷ್ಟೇ ಅಲ್ಲ, ಈ ಕರೆಂಟಿಗೂ ಆಸರೆ. ಆದರೆ ಯಂತ್ರ ಅಮೆರಿಕದ್ದು, ಮೊದಮೊದಲು ಅದನ್ನು ನಡೆಸಿದವರೂ ಅಲ್ಲಿನವರೇ. ಎಷ್ಟು ದಿನ ಹೊರಗಿನವರನ್ನು ನಂಬೋದು?

1912ರಲ್ಲಿ ದಿವಾನರಾದರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಮರುವರ್ಷವೇ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು. ಸಂಸ್ಥಾನದ ಹುಡುಗರಿಗೆ ಪುಣೆ ದಾರಿ ತಪ್ಪಿತು.

ಒಂದು ವಿಷಯದಲ್ಲಿ ಮಾತ್ರ ಅವರು ಬಗ್ಗಲಿಲ್ಲ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಮೀಸಲು ಪಾಲು ಕೊಡುವ ವಿಚಾರದಲ್ಲಿ ಮಹಾರಾಜರ ಜೊತೆ ಭಿನ್ನಾಭಿಪ್ರಾಯ ಬಂದು 1918ರಲ್ಲಿ ದಿವಾನಗಿರಿ ಬಿಟ್ಟರು. ಯೋಗ್ಯತೆಯೊಂದೇ ಅಳತೆ ಎಂಬುದು ಅವರ ಹಠ. ಮನೆಯಲ್ಲಿ ಅಕ್ಷರ ಬಲ್ಲವರೇ ಇಲ್ಲದ ಮಕ್ಕಳು ಆ ಯೋಗ್ಯತೆ ಗಳಿಸೋದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಆ ಹಠದಲ್ಲಿ ಇರಲಿಲ್ಲ. ಶಿರಾ, ಪಾವಗಡದ ಹಳ್ಳಿಗಳಿಂದ ಎಷ್ಟೋ ಮಕ್ಕಳು ಇವತ್ತು ಇಂಜಿನಿಯರಿಂಗ್ ಕಾಲೇಜಿನ ಹೊಸ್ತಿಲು ದಾಟುತ್ತಿರೋದು ಮೀಸಲಾತಿಯಿಂದಲೇ. ದಾಟುವ ಬಾಗಿಲು ಮಾತ್ರ ಅವರು ತೆಗೆಸಿದ್ದು!

1955ರಲ್ಲಿ ಭಾರತ ರತ್ನ ಬಂತು. ನೂರು ದಾಟಿ, 1962ರ ಏಪ್ರಿಲ್ 14ರಂದು ತೀರಿಕೊಂಡರು. ಮರುವರ್ಷ ತುಮಕೂರಿನಲ್ಲಿ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. 1998ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು.

ಪಾವಗಡದ ತಿರುಮಣಿ ಸುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಿದೆ. ಊರಿನ ಮಕ್ಕಳಿಗೆ ಅಲ್ಲಿ ಫಲಕದ ಧೂಳು ಒರೆಸೋ ಕೆಲಸವಷ್ಟೇ ಸಾಕೇ? ಎಲೆಕ್ಟ್ರಿಕಲ್ ಡಿಗ್ರಿ ಹಿಡಿದು ಕಂಟ್ರೋಲ್ ರೂಮಿನಲ್ಲಿ ಕೂರಬೇಕು. ದಿವಾನರು 1917ರಲ್ಲಿ ಕಾಲೇಜು ತೆರೆಸಿದ್ದು ಅದಕ್ಕೇ.