ಒಬ್ಬರೇ ನುಡಿಸಿದ್ದು 8 ಗಿಟಾರ್! ಮನೆ ಗ್ಯಾರೇಜನ್ನೇ ಸ್ಟುಡಿಯೋ ಮಾಡಿಕೊಂಡ ಲೆಸ್ ಪಾಲ್ ಬದುಕಿನ ಕಥೆ

ಹೈದರಾಬಾದ್: ಬ್ಯಾಂಡ್ ಇಲ್ಲ, ಡ್ರಮ್ಮರ್ ಇಲ್ಲ, ಸ್ಟುಡಿಯೋಗೆ ಕೊಡಲು ದುಡ್ಡೂ ಇಲ್ಲ. ಆದರೂ ಒಂದು ಲ್ಯಾಪ್‌ಟಾಪ್, ಒಂದು ಗಿಟಾರ್, ಒಂದು ಆಡಿಯೋ ಇಂಟರ್‌ಫೇಸ್ ಇಟ್ಟುಕೊಂಡು ಇಡೀ ಮೆಟಲ್ ಆಲ್ಬಂ ಅನ್ನು ಒಬ್ಬರೇ ಮುಗಿಸುವ ಕಾಲ ಇದು. ಗಚ್ಚಿಬೌಲಿ ಕಡೆಯ ಬಾಡಿಗೆ ಫ್ಲ್ಯಾಟ್‌ನಲ್ಲೂ ಇದು ಸಾಧ್ಯ. ಪಕ್ಕದ ಮನೆಯವರು ಬಾಗಿಲು ಬಡಿಯದಂತೆ ಹೆಡ್‌ಫೋನ್‌ನಲ್ಲೇ ಎಲ್ಲ ಕೇಳಿಸಿಕೊಂಡರೆ ಆಯಿತು. ಒಂದೇ ರಿಫ್ ಅನ್ನು ಎರಡು ಬಾರಿ ನುಡಿಸಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಡುತ್ತಾರೆ. ಅದರ ಕೆಳಗೆ ಬೇಸ್, ಮೇಲೆ ದನಿ. ಹೀಗೆ ಪದರದ ಮೇಲೆ ಪದರ ಇಟ್ಟು ಹಾಡು ಕಟ್ಟುವ ಕೆಲಸವನ್ನು 1940ರ ದಶಕದಲ್ಲೇ ತಮ್ಮ ಮನೆಯ ಗ್ಯಾರೇಜಿನಲ್ಲಿ ಮಾಡಿ ಜಗತ್ತಿಗೆ ಕೇಳಿಸಿದವರು ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್.

ಮೆಟಲ್ ಕೇಳುವವರಿಗೆ ಈ ಹೆಸರು ಹೊಸದಲ್ಲ, ಗಿಟಾರಿನ ತಲೆಯ ಮೇಲೆ ಓದಿರುತ್ತಾರೆ. ಆದರೆ ಆ ಹೆಸರಿನ ಮನುಷ್ಯ ಮೆಟಲ್ ನುಡಿಸಿದವರಲ್ಲ. ಅವರದು ಜಾಝ್, ಕಂಟ್ರಿ ಮತ್ತು ಪಾಪ್.

ಅವರ ನಿಜವಾದ ಹೆಸರು ಲೆಸ್ಟರ್ ವಿಲಿಯಂ ಪೋಲ್ಸ್‌ಫಸ್. ಹುಟ್ಟಿದ್ದು 1915ರ ಜೂನ್ 9ರಂದು, ವಿಸ್ಕಾನ್ಸಿನ್ ರಾಜ್ಯದ ವಾಕಿಶಾ ಎಂಬ ಊರಿನಲ್ಲಿ. ಅವರ ಮನೆಯಲ್ಲಿ ತಾನಾಗಿಯೇ ನುಡಿಯುವ ಪಿಯಾನೋ ಇತ್ತು. ತೂತು ಕೊರೆದ ಕಾಗದದ ಸುರುಳಿ ತಿರುಗಿದಂತೆ ಅದರ ಕೀಲಿಗಳು ಒತ್ತಿಕೊಳ್ಳುತ್ತಿದ್ದವು. ಬಾಲಕ ಲೆಸ್ ಆ ಸುರುಳಿಗೆ ತನ್ನದೇ ಹೊಸ ತೂತುಗಳನ್ನು ಕೊರೆದು ಇದ್ದ ಹಾಡಿಗೆ ಹೊಸ ಸ್ವರ ಸೇರಿಸುತ್ತಿದ್ದ. ಕಂಪ್ಯೂಟರ್ ಪರದೆಯ ಮೇಲೆ ಚೌಕ ಚೌಕವಾಗಿ ಡ್ರಮ್ ಏಟುಗಳನ್ನು ಜೋಡಿಸುವವರಿಗೆ ಈ ಕೆಲಸ ತಕ್ಷಣ ಅರ್ಥವಾಗುತ್ತದೆ.

ಹದಿಹರೆಯದಲ್ಲಿ ಊರಿನ ಹೊರಗಿನ ಹೋಟೆಲೊಂದರ ಮುಂದೆ ಹಾಡುವಾಗ ಗಿಟಾರ್ ಯಾರಿಗೂ ಕೇಳಿಸುತ್ತಿರಲಿಲ್ಲ. ಗ್ರಾಮಫೋನಿನ ಸೂಜಿಯ ಭಾಗವನ್ನು ಗಿಟಾರಿಗೆ ಚುಚ್ಚಿ, ಅದನ್ನು ರೇಡಿಯೋಗೆ ಜೋಡಿಸಿ ದನಿ ಏರಿಸಿದರು. ಮುಂದೆ ಡಿಸ್ಕ್ ಕೊರೆಯುವ ಯಂತ್ರವನ್ನೂ ಸ್ವತಃ ಕಟ್ಟಿಕೊಂಡರು. ಅದರ ತಿರುಗಣಿಗೆ ಬಳಸಿದ್ದು ಕ್ಯಾಡಿಲಾಕ್ ಕಾರಿನ ಫ್ಲೈವೀಲ್. ಭಾರವಾದ ಚಕ್ರ ಒಂದೇ ವೇಗದಲ್ಲಿ ತಿರುಗುತ್ತದೆ, ಸ್ವರ ಅಲುಗುವುದಿಲ್ಲ ಎಂಬುದು ಲೆಕ್ಕ.

ಪೆಟ್ಟು ತಿಂದ ಕೈ: 1940ರ ದಶಕದ ಆರಂಭದಲ್ಲಿ ನ್ಯೂಯಾರ್ಕ್‌ನ ನೆಲಮಾಳಿಗೆಯಲ್ಲಿ ನುಡಿಸುತ್ತಿದ್ದಾಗ ವಿದ್ಯುತ್ ಶಾಕ್ ಹೊಡೆದು ಸಾವಿನ ಬಾಗಿಲಿಗೆ ಹೋಗಿ ಬಂದರು. (ಪಿಜಿ ರೂಮಿನಲ್ಲಿ ಅರ್ಥಿಂಗ್ ಇಲ್ಲದ ಪ್ಲಗ್‌ಗೆ ಆಂಪ್ ಸಿಕ್ಕಿಸುವವರು ಈ ಸಾಲನ್ನು ಇನ್ನೊಮ್ಮೆ ಓದಬಹುದು.) ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1948ರ ಜನವರಿಯಲ್ಲಿ. ಒಕ್ಲಹೋಮಾದಲ್ಲಿ ಹಿಮ ಕಟ್ಟಿದ ರಸ್ತೆಯಲ್ಲಿ ಕಾರು ಜಾರಿ ಬಿದ್ದು ಬಲ ಮೊಣಕೈ ನುಚ್ಚುನೂರಾಯಿತು. ಇನ್ನು ಆ ಕೀಲು ಮಡಚುವುದಿಲ್ಲ ಎಂದಾದಾಗ, ಗಿಟಾರ್ ಹಿಡಿಯಲು ಬರುವ ಕೋನದಲ್ಲೇ ಕೈಯನ್ನು ಖಾಯಂ ಆಗಿ ಕೂರಿಸುವಂತೆ ಅವರು ವೈದ್ಯರನ್ನು ಕೇಳಿಕೊಂಡರು. ಚೇತರಿಸಿಕೊಳ್ಳಲು ಒಂದೂವರೆ ವರ್ಷ ಬೇಕಾಯಿತು. ಉಳಿದ 60 ವರ್ಷ ನುಡಿಸಿದ್ದು ಅದೇ ಮಡಚದ ಕೈಯಲ್ಲಿ.

ಗ್ಯಾರೇಜಿನ ಲೆಕ್ಕಾಚಾರ: ಗಾಯಕ ಬಿಂಗ್ ಕ್ರಾಸ್ಬಿ ಉತ್ತೇಜನದಿಂದ ಲೆಸ್ ಪಾಲ್ ಹಾಲಿವುಡ್‌ನ ತಮ್ಮ ಮನೆಯ ಗ್ಯಾರೇಜಿನಲ್ಲಿ ಸ್ಟುಡಿಯೋ ಕಟ್ಟಿಕೊಂಡಿದ್ದರು. ಅಪಘಾತಕ್ಕೆ ಮೊದಲೇ ಅಲ್ಲಿ ತಯಾರಾಗಿದ್ದ 'ಲವರ್' 1948ರಲ್ಲಿ ಹೊರಬಂತು. ಅದರಲ್ಲಿ ಕೇಳಿಸುವ ಎಂಟು ಗಿಟಾರ್ ಪದರಗಳೂ ಅವರದೇ. ಆಗಿನ್ನೂ ಅವರ ಬಳಿ ಟೇಪ್ ಇರಲಿಲ್ಲ. ಮೊದಲ ಡಿಸ್ಕ್‌ನಲ್ಲಿ ಒಂದು ಗಿಟಾರ್ ಕೊರೆಯುವುದು, ಅದನ್ನು ಹಾಕಿ ಅದರ ಜತೆ ಎರಡನೆಯದನ್ನು ನುಡಿಸುತ್ತಾ ಎರಡೂ ಸೇರಿದ ಸದ್ದನ್ನು ಮತ್ತೊಂದು ಡಿಸ್ಕ್‌ಗೆ ಇಳಿಸುವುದು, ಹೀಗೆ ಎಂಟರವರೆಗೆ. ಕೆಲವು ಭಾಗಗಳನ್ನು ನಿಧಾನ ವೇಗದಲ್ಲಿ ಮುದ್ರಿಸಿ ವೇಗವಾಗಿ ತಿರುಗಿಸಿದ್ದರಿಂದ ಮನುಷ್ಯರ ಬೆರಳಿಗೆ ಸಾಧ್ಯವಿಲ್ಲದ ಓಟ ಬಂತು.

ಪದರ ಜೋಡಿಸುವುದನ್ನು ಮೊದಲು ಕಂಡುಹಿಡಿದವರು ಇವರೇ ಎಂದು ಹಲವೆಡೆ ಬರೆಯುತ್ತಾರೆ, ಅದು ಸರಿಯಲ್ಲ. ಜಾಝ್ ವಾದಕ ಸಿಡ್ನಿ ಬೆಷೆ 1941ರಲ್ಲೇ ಒಂದೇ ಹಾಡಿನ ಎಲ್ಲ ವಾದ್ಯಗಳನ್ನೂ ತಾವೇ ನುಡಿಸಿ ಮುದ್ರಿಸಿದ್ದರು. ಒಂದು ಪ್ರಯೋಗವಾಗಿದ್ದ ಅದನ್ನು ದಿನನಿತ್ಯದ ಕೆಲಸದ ವಿಧಾನವಾಗಿಸಿದ್ದು ಲೆಸ್ ಪಾಲ್.

1949ರಲ್ಲಿ ಕ್ರಾಸ್ಬಿ ಅವರಿಗೆ ಆಂಪೆಕ್ಸ್ ಟೇಪ್ ರೆಕಾರ್ಡರ್ ಒಂದನ್ನು ಉಡುಗೊರೆ ಕೊಟ್ಟರು. ಲೆಸ್ ಪಾಲ್ ಅದಕ್ಕೆ ಹೆಚ್ಚುವರಿ ಹೆಡ್ ಒಂದನ್ನು ಸೇರಿಸಿದರು. ಟೇಪ್‌ನಲ್ಲಿದ್ದ ಹಳೆಯ ಸದ್ದು ಮೊದಲು ಕೇಳಿಸುತ್ತದೆ, ನಂತರ ಅಳಿಸಿಹೋಗುತ್ತದೆ, ಹೊಸ ವಾದನದೊಂದಿಗೆ ಬೆರೆತು ಅದೇ ಟೇಪ್‌ಗೆ ಮರಳಿ ಸೇರುತ್ತದೆ. ಒಂದೇ ಯಂತ್ರ ಸಾಕು. ಆದರೆ ಅಪಾಯ ನೋಡಿ. ಏಳನೇ ಪದರದಲ್ಲಿ ಒಂದು ಸ್ವರ ತಪ್ಪಿದರೆ ಹಿಂದಿನ ಆರೂ ಹೋದವು, ಮತ್ತೆ ಒಂದರಿಂದ ಶುರು. ಪ್ರತಿ ಸುತ್ತಿಗೂ ಹಳೆಯ ಪದರಗಳ ಹೊಳಪು ಕುಗ್ಗಿ, ಹಿಸ್ ಎನ್ನುವ ಸದ್ದು ಹೆಚ್ಚುತ್ತಿತ್ತು. ಹಾಗಾಗಿ ಹಿನ್ನೆಲೆಯ ಭಾಗಗಳನ್ನು ಮೊದಲು, ಮುಖ್ಯ ಗಿಟಾರ್ ಮತ್ತು ದನಿಯನ್ನು ಕೊನೆಗೆ ಇಡುತ್ತಿದ್ದರು. ಯಾವುದು ಎಷ್ಟು ಜೋರಾಗಿರಬೇಕು ಎಂಬುದು ನುಡಿಸುವ ಮೊದಲೇ ತೀರ್ಮಾನವಾಗಬೇಕಿತ್ತು. ಮಿಕ್ಸಿಂಗ್ ಎನ್ನುವುದು ಕೊನೆಯ ಹಂತ ಆಗಿರಲಿಲ್ಲ, ಅದು ತಲೆಯೊಳಗೆ ಮೊದಲೇ ಮುಗಿದಿರುತ್ತಿತ್ತು. ಬೇಸ್ ಮತ್ತು ತಗ್ಗಿಸಿ ಶ್ರುತಿ ಮಾಡಿದ ಗಿಟಾರ್ ಎರಡೂ ಒಂದೇ ಜಾಗಕ್ಕೆ ಜಗಳವಾಡುವ ಮೆಟಲ್ ಹಾಡನ್ನು ನೂರು ಟ್ರ್ಯಾಕ್ ಮುಂದಿಟ್ಟುಕೊಂಡು ತಿಂಗಳುಗಟ್ಟಲೆ ತಿದ್ದುವವರಿಗೆ ಹೊಟ್ಟೆಕಿಚ್ಚು ತರಿಸುವ ವಿಷಯವಿದು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಲೆಸ್ ಪಾಲ್ ಗಾಯಕಿ ಮೇರಿ ಫೋರ್ಡ್ ಅವರನ್ನು ಮದುವೆಯಾದರು. ಒಬ್ಬರೇ ಮೇರಿ, ಕೇಳಿಸುವುದು ಮಾತ್ರ ಪೂರ್ತಿ ಗಾಯಕಿಯರ ತಂಡ. ಮೈಕ್‌ಗೆ ತುಟಿ ತಾಗುವಷ್ಟು ಹತ್ತಿರ ನಿಂತು ಮೆಲ್ಲಗೆ ಹಾಡುವ ರೀತಿ ಇವರ ಮನೆಯ ಧ್ವನಿಮುದ್ರಣದಲ್ಲಿ ಬೆಳೆಯಿತು. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿದ್ದ ವಾಸದ ಮನೆಯಲ್ಲಿ ಮುದ್ರಿಸಿದ 'ಹೌ ಹೈ ದ ಮೂನ್' 1951ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 9 ವಾರ ಮೊದಲ ಸ್ಥಾನದಲ್ಲಿತ್ತು. ನಂತರ ನ್ಯೂಜೆರ್ಸಿಯ ಮಾವಾದಲ್ಲಿದ್ದ ಮನೆಯಿಂದಲೇ ಟಿವಿ ಕಾರ್ಯಕ್ರಮವೂ ಬಂತು.

ಮನೆಯೇ ಸ್ಟುಡಿಯೋ ಆದರೆ ಕೆಲಸಕ್ಕೆ ಬಾಗಿಲು ಹಾಕುವುದು ಯಾವಾಗ? ಅವರ ಬದುಕಿನ ಈ ಭಾಗವನ್ನು ಗಿಟಾರ್ ಪ್ರಿಯರು ಬೇಗ ದಾಟಿಬಿಡುತ್ತಾರೆ. ಮೇರಿಗೆ ನಿರಂತರ ಪ್ರವಾಸ ಮತ್ತು ಮುದ್ರಣದಿಂದ ಬಿಡುಗಡೆ ಬೇಕಿತ್ತು, ಲೆಸ್‌ಗೆ ಇನ್ನೊಂದು ಪದರ ಬೇಕಿತ್ತು. 1964ರಲ್ಲಿ ವಿಚ್ಛೇದನವಾಯಿತು. ಮೇರಿ 1977ರಲ್ಲಿ ನಿಧನರಾದರು. ಆ ಹಾಡುಗಳ ಅರ್ಧ ಶ್ರೇಯ ಅವರದು, ಆದರೆ ಗಿಟಾರಿನ ಮೇಲೆ ಇರುವುದು ಒಂದೇ ಹೆಸರು.

ಆ ಗಿಟಾರ್ ಬಂದದ್ದು 1952ರಲ್ಲಿ. 1940ರ ದಶಕದ ಆರಂಭದಲ್ಲೇ ಲೆಸ್ ಪಾಲ್ ಗಟ್ಟಿ ಮರದ ದಿಮ್ಮಿಗೆ ತಂತಿ ಕಟ್ಟಿ ಗಿಟಾರ್ ಮಾಡಿಕೊಂಡಿದ್ದರು. ಟೊಳ್ಳು ದೇಹ ಇಲ್ಲದಿದ್ದರೆ ಜೋರು ಸದ್ದಿಗೆ ಕಿರುಚುವುದು ಕಡಿಮೆ. ಅದನ್ನು ಮೊದಲು ಒಪ್ಪದ ಗಿಬ್ಸನ್ ಕಂಪನಿ, ನಂತರ ಅವರ ಹೆಸರಿನಲ್ಲೇ ಗಟ್ಟಿ ದೇಹದ ಗಿಟಾರ್ ತಂದಿತು. 1961ರಲ್ಲಿ ಅದರ ಆಕಾರವನ್ನು ಎರಡು ಕೊಂಬಿನದ್ದಾಗಿ ಬದಲಿಸಿದ್ದು ಲೆಸ್ ಪಾಲ್‌ಗೆ ಇಷ್ಟವಾಗಲಿಲ್ಲ. ಹೆಸರು ತೆಗೆದ ಮೇಲೆ ಅದು ಎಸ್‌ಜಿ ಆಯಿತು. ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡಿದ್ದ ಟೋನಿ ಐಯೋಮಿ ಬ್ಲ್ಯಾಕ್ ಸಬತ್‌ಗಾಗಿ ಹಿಡಿದದ್ದು ಎಸ್‌ಜಿ. 1970ರಲ್ಲಿ ಬಂದ ಅವರ ಮೊದಲ ಆಲ್ಬಂನಿಂದಲೇ ಹೆವಿ ಮೆಟಲ್ ಶುರುವಾಯಿತು ಎನ್ನುವವರು ಹೆಚ್ಚು. ಹೆಸರಿನ ಮಾಲೀಕರು ಬೇಡವೆಂದ ಆಕಾರದಲ್ಲಿ ಮೆಟಲ್ ಹುಟ್ಟಿತು!

ಅಳಿಸಿಹೋಗುವ ಪದರಗಳ ಸಮಸ್ಯೆಗೂ ಅವರೇ ದಾರಿ ಹುಡುಕಿದರು. ಒಂದೇ ಅಗಲ ಟೇಪಿನಲ್ಲಿ ಎಂಟು ಪ್ರತ್ಯೇಕ ಟ್ರ್ಯಾಕ್ ಇದ್ದರೆ, ಒಂದನ್ನು ಕೆಡಿಸಿದರೂ ಉಳಿದ ಏಳು ಸುರಕ್ಷಿತ. ಆಂಪೆಕ್ಸ್ ಈ ಯಂತ್ರವನ್ನು 1957ರಲ್ಲಿ ಅವರ ಮನೆಗೆ ತಲುಪಿಸಿತು. ಬೆಲೆ 10 ಸಾವಿರ ಡಾಲರ್. ಹಳೆಯ ಟ್ರ್ಯಾಕ್ ಕೇಳುತ್ತಾ ಹೊಸದನ್ನು ನುಡಿಸುವಾಗ ಎರಡೂ ಹಿಂದೆಮುಂದೆ ಆಗಬಾರದಲ್ಲ, ಅದಕ್ಕೆ ಮುದ್ರಿಸುವ ಹೆಡ್‌ನಿಂದಲೇ ಕೇಳಿಸುವ ವ್ಯವಸ್ಥೆ ಅದರಲ್ಲಿತ್ತು. ಇಂದು ಲ್ಯಾಪ್‌ಟಾಪ್‌ನಲ್ಲಿ ಲೇಟೆನ್ಸಿ ಎಂದು ತಲೆ ಕೆಡಿಸಿಕೊಳ್ಳುವುದು ಇದರದೇ ಸೋದರ ಸಮಸ್ಯೆ.

ದುರದೃಷ್ಟವೆಂದರೆ, ಆ ಯಂತ್ರ ಬರುವ ಹೊತ್ತಿಗೆ ರಾಕ್ ಅಂಡ್ ರೋಲ್ ಅಲೆಯಲ್ಲಿ ಅವರ ಹಾಡುಗಳ ಕಾಲ ಮುಗಿಯುತ್ತಾ ಬಂದಿತ್ತು. ನಂತರದ ದಶಕಗಳಲ್ಲಿ ಸಂಧಿವಾತ ಒಂದೊಂದೇ ಬೆರಳನ್ನು ಕಸಿಯಿತು. ಆದರೂ 1980ರ ದಶಕದಿಂದ ನ್ಯೂಯಾರ್ಕ್‌ನ ಕ್ಲಬ್‌ಗಳಲ್ಲಿ ಪ್ರತಿ ಸೋಮವಾರ ರಾತ್ರಿ ನುಡಿಸುತ್ತಿದ್ದರು. 2006ರಲ್ಲಿ, 90ರ ವಯಸ್ಸಿನಲ್ಲಿ, ಎರಡು ಗ್ರ್ಯಾಮಿ ಬಂದವು. 2009ರ ಆಗಸ್ಟ್‌ನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಾಗ ಅವರಿಗೆ 94 ವರ್ಷ. ಸಮಾಧಿ ಹುಟ್ಟೂರು ವಾಕಿಶಾದಲ್ಲೇ ಇದೆ.