ಪರೀಕ್ಷೆ ಅವಮಾನವಲ್ಲ

ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರದ ದಂಡೆಯ ಮೇಲೆ ನಿಂತಾಗಲೆಲ್ಲ ನನಗೆ ಅವರ ಬದುಕಿಗಿಂತ ಮೊದಲು ಅವರ ಸಾವು ನೆನಪಾಗುತ್ತದೆ. ಆ ಬದುಕಿಗೆ ಇದು ಅನ್ಯಾಯವೆಂದು ಬಲ್ಲೆ. ಇದಕ್ಕೆ ಕಾರಣ, ನಡೆಯಬೇಕಿದ್ದ ಒಂದು ಮರಣೋತ್ತರ ಪರೀಕ್ಷೆ ನಡೆಯದೇ ಹೋದದ್ದು.

1904ರ ಅಕ್ಟೋಬರ್ 2ರಂದು ಮೊಘಲ್‌ಸರಾಯ್‌ನಲ್ಲಿ ಜನಿಸಿದ ಲಾಲ್ ಬಹದ್ದೂರ್ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಜಾತಿಯನ್ನು ಸೂಚಿಸುವ ಶ್ರೀವಾಸ್ತವ ಎಂಬ ಕುಲನಾಮವನ್ನು ತೊರೆದರು. ಕಾಶಿ ವಿದ್ಯಾಪೀಠ ನೀಡಿದ ಶಾಸ್ತ್ರಿ ಪದವಿಯೇ ಅವರ ಹೆಸರಿನ ಭಾಗವಾಯಿತು. ಸ್ವಾತಂತ್ರ್ಯ ಹೋರಾಟದಲ್ಲಿ ವರ್ಷಗಟ್ಟಲೆ ಸೆರೆವಾಸ ಅನುಭವಿಸಿದರು. 1956ರಲ್ಲಿ ಅಂದಿನ ಮದ್ರಾಸ್ ರಾಜ್ಯದ ಅರಿಯಲೂರಿನ ಬಳಿ ಸಂಭವಿಸಿದ ರೈಲು ದುರಂತದಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತಾಗ, ನೈತಿಕ ಹೊಣೆ ಹೊತ್ತು ರೈಲ್ವೆ ಸಚಿವ ಸ್ಥಾನಕ್ಕೆ ರಾಜೀನಾಮೆ ಇತ್ತರು. ತಮ್ಮ ಕೈಯಿಂದ ಆಗದ ತಪ್ಪಿಗೂ ಉತ್ತರದಾಯಿಯಾದ ವ್ಯಕ್ತಿ ಅವರು.

1964ರ ಜೂನ್‌ನಲ್ಲಿ ಪ್ರಧಾನಿಯಾದಾಗ ಅವರ ಹೃದಯ ಮೊದಲೇ ದಣಿದಿತ್ತು. ಆಹಾರದ ಅಭಾವ ಮತ್ತು 1965ರ ಯುದ್ಧ ಒಂದರ ಬೆನ್ನಿಗೆ ಒಂದು ಬಂದವು. 1966ರ ಜನವರಿ 10ರಂದು ತಾಷ್ಕೆಂಟ್‌ನಲ್ಲಿ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವರೊಡನೆ ಒಪ್ಪಂದಕ್ಕೆ ಸಹಿ ಹಾಕಿದ ಕೆಲವೇ ಗಂಟೆಗಳಲ್ಲಿ, ಮಧ್ಯರಾತ್ರಿ ಕಳೆದ ಮೇಲೆ, ಅವರು ತೀರಿಕೊಂಡರು. ಆಗ ಅವರಿಗೆ 61 ವರ್ಷ.

ಹೃದಯಾಘಾತವೆಂದು ಸೋವಿಯತ್ ವೈದ್ಯರೂ ಜೊತೆಗಿದ್ದ ಭಾರತೀಯ ವೈದ್ಯರೂ ವರದಿ ನೀಡಿದರು. ಅದು ನಿಜವೇ ಇರಬಹುದು. ಹಿಂದಿನ ಅನಾರೋಗ್ಯವೂ ಅದನ್ನೇ ಸೂಚಿಸುತ್ತದೆ. ಆದರೆ ತಾಷ್ಕೆಂಟ್‌ನಲ್ಲಾಗಲೀ ದೆಹಲಿಯಲ್ಲಾಗಲೀ ಶವಪರೀಕ್ಷೆ ನಡೆಯಲಿಲ್ಲ. ದೇಹ ನೀಲಿಗಟ್ಟಿದ್ದನ್ನು ಕಂಡ ಕುಟುಂಬದವರಲ್ಲಿ ವಿಷಪ್ರಾಶನದ ಶಂಕೆ ಮೂಡಿತು. ಶವ ಕೆಡದಂತೆ ಬಳಸಿದ ರಾಸಾಯನಿಕಗಳ ಪರಿಣಾಮ ಅದೆಂಬ ವಿವರಣೆ ಅವರನ್ನು ಸಮಾಧಾನಪಡಿಸಲಿಲ್ಲ. ವಿಜಯಘಾಟ್‌ನಲ್ಲಿ ಚಿತೆ ಉರಿದ ಮೇಲೆ ಶಂಕೆಯನ್ನು ಸಾಬೀತುಪಡಿಸಲೂ ಅಳಿಸಲೂ ದಾರಿ ಉಳಿಯಲಿಲ್ಲ. 2009ರಲ್ಲಿಯೂ ಮಾಹಿತಿ ಹಕ್ಕಿನಡಿ ಅದೇ ಪ್ರಶ್ನೆಯನ್ನು ಕೇಳಬೇಕಾಯಿತು.

ಅನುಮಾನಾಸ್ಪದ ಸಾವುಗಳ ವಿಚಾರಣೆಗೆ ನಮ್ಮ ಕಾನೂನಿನಲ್ಲಿ ಅವಕಾಶವಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಲ್ಲಿತ್ತು, 2024ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಲ್ಲಿದೆ. ತೊಡಕಿರುವುದು ಅನುಮಾನ ಎಂಬ ಪದದಲ್ಲಿಯೇ. ಅನುಮಾನಿಸುವವರು ಯಾರು? ದುಃಖದಲ್ಲಿ ಮುಳುಗಿದ ಪತ್ನಿಯೇ? ಅತಿಥಿಯನ್ನು ಕಳೆದುಕೊಂಡ ದೇಶವನ್ನು ನೋಯಿಸಲು ಹಿಂಜರಿಯುವ ಸರ್ಕಾರವೇ? ಪರೀಕ್ಷೆ ಬೇಕೆನ್ನುವುದೇ ಆರೋಪವಾಗುವ ಸಂದರ್ಭದಲ್ಲಿ ಬಾಯಿಬಿಡುವವರು ವಿರಳ.

ಆದ್ದರಿಂದ ಉನ್ನತ ಸಾಂವಿಧಾನಿಕ ಹುದ್ದೆಯಲ್ಲಿರುವವರು ಹಠಾತ್ತನೆ ಮೃತಪಟ್ಟರೆ ಮರಣೋತ್ತರ ಪರೀಕ್ಷೆ ಕಡ್ಡಾಯವಾಗಬೇಕು ಎಂಬುದು ನನ್ನ ಅಭಿಪ್ರಾಯ. ಸಾವು ವಿದೇಶದಲ್ಲಾದರೆ, ದೇಹ ಸ್ವದೇಶಕ್ಕೆ ಬಂದ ಬಳಿಕವಾದರೂ ಅದು ನಡೆಯಬೇಕು. ಮೃತದೇಹದ ಘನತೆಗೆ ಕುಂದು ಬರುತ್ತದೆ ಎಂಬ ಅಳುಕು ಸಹಜ. ಆದರೆ ದಶಕಗಳ ಕಾಲ ಗುಸುಗುಸು ಮಾತಿನಲ್ಲಿ ಮತ್ತೆ ಮತ್ತೆ ಸಾಯುವುದಕ್ಕಿಂತ ದೊಡ್ಡ ಅಗೌರವ ಯಾವುದು? ರೈಲು ಅಪಘಾತವಾದರೆ ತನಿಖೆ ನಡೆಯುತ್ತದೆ. ಚಾಲಕನ ಮೇಲೆ ಅದನ್ನು ಆರೋಪವೆಂದು ಯಾರೂ ಭಾವಿಸುವುದಿಲ್ಲ. ನಿಯಮವಾದದ್ದು ಯಾರನ್ನೂ ಅವಮಾನಿಸುವುದಿಲ್ಲ. ಅಂಥ ನಿಯಮವೊಂದು 1966ರಲ್ಲಿ ಇದ್ದಿದ್ದರೆ ಶಾಸ್ತ್ರಿಯವರ ಮನೆಯವರಿಗೆ ಉತ್ತರ ಸಿಗುತ್ತಿತ್ತು. ಅಡುಗೆಯವರಿಗೂ ವೈದ್ಯರಿಗೂ ಆತಿಥೇಯ ದೇಶಕ್ಕೂ ಅದು ನ್ಯಾಯವಾಗುತ್ತಿತ್ತು.